ಖಾಲಿ ಸಭಾಂಗಣದ ಒಂಬತ್ತು ನಿಮಿಷ

ಪ್ಯಾಕಿಂಗ್ ಮೇಜು, ಎರಡನೇ ಮಹಡಿ
ತಾರೀಕು ಹದಿನೇಳು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ನೀನು ಕೇಳಿಯೇ ಇಲ್ಲದ ಪೆಟ್ಟಿಗೆಗಳು ನಿನ್ನ ಸಹಿ ಹೊತ್ತು ಮಾರಾಟವಾಗುತ್ತಿವೆ. ಇದು ಮೋಸ. ಇದಕ್ಕೆ ಇನ್ನೊಂದು ಮೆತ್ತನೆಯ ಪದ ಹುಡುಕುವ ಮನಸ್ಸು ನನಗಿಲ್ಲ. ಪೂರ್ತಿ ಬರೆಯುತ್ತೇನೆ. ಆದರೆ ನಾಲ್ಕು ತಿಂಗಳ ಮೇಲೆ ಬರೆಯುತ್ತಿರುವ ಮೊದಲ ಕಾಗದದಲ್ಲಿ ಕ್ಷೇಮವನ್ನೂ ವಿಚಾರಿಸದೆ ಜಗಳಕ್ಕೆ ನಿಂತಳು ಅಂತ ನೀನು ಅಂದುಕೊಳ್ಳಬಾರದು. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಗೋಡೆ ಹಿಡಿಯುತ್ತೀಯಾ? ಅತ್ತೆಯ ಸೊಂಟದ ಮೂಳೆ ಕೂಡಿಕೊಂಡಿದೆ, ಕೋಲು ಹಿಡಿದು ಬಾಗಿಲ ತನಕ ಬರುತ್ತಾಳೆ ಅಂತ ಅಮ್ಮ ಹೇಳಿದಳು. ಅಡುಗೆಮನೆಯ ರೇಡಿಯೋವನ್ನು ಅತ್ತೆ ಇನ್ನೂ ಅಷ್ಟೇ ಜೋರಾಗಿ ಹಾಕುತ್ತಾಳಾ? "ಅಣ್ಣಾ, ಇಷ್ಟು ವರ್ಷ ಸಣ್ಣ ಸದ್ದು ಕೇಳಿದ್ದು ಸಾಕು, ಈಗ ಸ್ವಲ್ಪ ದೊಡ್ಡದು ಕೇಳು" ಅಂತ ಅವಳು ಅನ್ನುವುದು, ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಹಿತ್ತಿಲಲ್ಲಿ ಹೋಗಿ ಕೂರುವುದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಇಲ್ಲಿ ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನ ಕುರ್ಚಿಯ ಮೇಲೆ ಮಡಿಸಿದ ಬಟ್ಟೆ ಪೇರಿಸಿಡುತ್ತಾಳೆ. ಬೇರೆ ಜಾಗ ಇಲ್ಲ ಅಂತಲ್ಲ, ಅದರಲ್ಲಿ ಇನ್ಯಾರೂ ಕೂರದಿರಲಿ ಅಂತ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಬರುವ ದನಿಗೆ ತಲೆಯೂ ಇಲ್ಲ, ಪಾದವೂ ಇಲ್ಲ, ಬರೀ ಸೊಂಟ ಅಂತ ನೀನು ಅದನ್ನು ಎತ್ತುವುದೇ ಇಲ್ಲವಲ್ಲ. ಅದಕ್ಕೆ ಈ ಕಾಗದ.

ನಿನ್ನದೇ ವರ್ಕ್‌ಶಾಪಿನಲ್ಲಿ ನಾನು ಪ್ಯಾಕಿಂಗ್ ಕೆಲಸಕ್ಕೆ ಸೇರಿದ ಸುದ್ದಿ ನಿನಗೆ ಮುಟ್ಟಿರುತ್ತದೆ. ಯಾಕೆ ಸೇರಿದೆ ಅನ್ನುವುದು ಮುಟ್ಟಿರಲಾರದು. ಬಸ್ ನಿಲ್ದಾಣದ ಹಿಂದಿನ ಪ್ರೆಸ್ಸಿನವನು ಉಳಿದುಬಿದ್ದ ಕಿರುಪುಸ್ತಕಗಳನ್ನು ನನಗೆ ಕೊಡುತ್ತಾನಲ್ಲ, ಅಂಚು ಸಹ ಕತ್ತರಿಸದವು, ಅವುಗಳಲ್ಲಿ ಓದಿದ್ದನ್ನು ಒಮ್ಮೆಯಾದರೂ ಮಾಡಿ ನೋಡಬೇಕು ಅಂತ ಬಂದೆ. ಇಲ್ಲಿ ದುಡಿಯುವವರನ್ನೆಲ್ಲ ಸೇರಿಸಿ ಸಂಘ ಕಟ್ಟಬೇಕು ಅಂತಿತ್ತು. ದುಡಿಯುವವರು ಒಟ್ಟು ಏಳು ಜನ. ನೀನು ನಗುತ್ತಿದ್ದೀಯ ಅಂತ ಗೊತ್ತು. ಬೆಸುಗೆ ಹಾಕುವ ಅಕ್ಕನೂ ನಕ್ಕಳು. "ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಅಂತ ಮೂವರು ಕುರ್ಚಿ ಹಿಡಿದ ಮೇಲೆ ಘೋಷಣೆ ಕೂಗೋಕೆ ಉಳಿಯೋದು ನಾಲ್ಕೇ ಜನ ಕಣೇ, ಅದರಲ್ಲಿ ಒಬ್ಬನಿಗೆ ಗಂಟಲು ಸರಿಯಿಲ್ಲ" ಅಂದಳು. ನಗಲಿ. ಮೂರು ಜನ ಒಪ್ಪಿದ್ದಾರೆ.

ಆದರೆ ಅಪ್ಪಾ, ಈ ಜಾಗ ನನ್ನನ್ನು ಮೋಡಿ ಮಾಡಿಬಿಟ್ಟಿತು. ಯಾವ ಕಿರುಪುಸ್ತಕದಲ್ಲೂ ಇದರ ಬಗ್ಗೆ ಎಚ್ಚರಿಕೆ ಇರಲಿಲ್ಲ. ಬೆಳಗಿನ ಹೊತ್ತು ಉದ್ದದ ಮೇಜಿನ ಮೇಲೆ ಕಿಟಕಿಯ ಬೆಳಕು ಮೈ ಚೆಲ್ಲಿ ಮಲಗಿರುತ್ತದೆ. ಆ ಬೆಳಕಿನಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆಗಳು ಸಾಲಾಗಿ, ಮುಚ್ಚಳ ತೆರೆದುಕೊಂಡು, ಇನ್ನೂ ಒಂದು ಹಾಡೂ ತುಂಬದೆ ಕಾಯುತ್ತಿರುತ್ತವೆ. ಮ್ಯೂಸಿಕ್ ಸರ್ವರ್ ಅಂದರೆ ಏನಮ್ಮಾ ಅಂತ ಪಕ್ಕದ ಮನೆಯವರು ಕೇಳಿದರು. ಒಬ್ಬ ಮನುಷ್ಯ ಜೀವಮಾನವೆಲ್ಲ ಕೂಡಿಟ್ಟ ಹಾಡುಗಳು ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ, ಬೇಕಾದದ್ದರ ಮೇಲೆ ಬೆರಳಿಟ್ಟರೆ ಅದು ಸ್ಪೀಕರಿಗೆ ಹೋಗುತ್ತದೆ ಅಂದೆ. "ಹಾಗಾದರೆ ಕಂಪ್ಯೂಟರೇ ತಾನೆ?" ಅಂದರು. ಕಂಪ್ಯೂಟರೇ. ಆದರೆ ಸುಮ್ಮನಿರುವುದನ್ನು ಕಲಿತ ಕಂಪ್ಯೂಟರ್. ಅದಕ್ಕೆ ಫ್ಯಾನ್ ಇಲ್ಲ, ಬಿಸಿಯೆಲ್ಲ ಮೈಮೇಲಿನ ಏಣುಗಳಿಂದ ಮೆಲ್ಲಗೆ ಹೊರಗೆ ಹೋಗಬೇಕು. ಒಳಗೆ ತಿರುಗುವ ಡಿಸ್ಕ್ ಇಲ್ಲ. ಕರೆಂಟಿನ ಗುಂಯ್ ಅನ್ನುವ ಸದ್ದು ಹಾಡಿಗೆ ಸೋಕಬಾರದು ಅಂತ ಕರೆಂಟಿಗೆ ಬೇರೆಯದೇ ಪುಟ್ಟ ಪೆಟ್ಟಿಗೆ. ಹಾಡುತ್ತಿರುವಾಗ ಅದರ ಮೇಲೆ ಅಂಗೈ ಇಟ್ಟರೆ ಮಲಗಿದ ಬೆಕ್ಕಿನ ಬೆನ್ನಿನಷ್ಟು ಬೆಚ್ಚಗಿರುತ್ತದೆ. ಇದನ್ನು ಕೊಳ್ಳುವವರು ಯಾರು, ಕೊಳ್ಳಲಾಗದವರು ಎಷ್ಟು ಜನ ಅನ್ನುವ ಸಿಟ್ಟು ನನಗೆ ಇಂದಿಗೂ ಇದೆ. ಅದನ್ನು ಬಿಟ್ಟುಕೊಡುವುದಿಲ್ಲ. ಆದರೂ ಕೈ ಬೆಚ್ಚಗಾಯಿತು ಅನ್ನುವುದೂ ನಿಜ.

ನಿನ್ನ ಕೇಳುವ ಕೋಣೆ ಹಾಗೇ ಇದೆ. ಅದೇ ದಪ್ಪ ಜಮಖಾನೆ, ಗೋಡೆಗೆ ಅದೇ ಉಣ್ಣೆಯ ಪರದೆ, ನಡುವೆ ಒಂದೇ ಕುರ್ಚಿ. ಬಾಗಿಲು ಮುಚ್ಚಿದ ಕೂಡಲೇ ಬೀದಿಯೆಲ್ಲ ನೀರಿನಲ್ಲಿ ಮುಳುಗಿದಂತೆ ದೂರವಾಗುತ್ತದೆ. ಚಿಕ್ಕವಳಿದ್ದಾಗ ಶಾಲೆಗೆ ರಜೆ ಇದ್ದ ದಿನ ನಿನ್ನ ಜತೆ ಬಂದು ಆ ಜಮಖಾನೆಯ ಮೇಲೆ ಮಲಗುತ್ತಿದ್ದೆನಲ್ಲ, ಎಚ್ಚರವಾದಾಗ ನಿದ್ದೆಯ ಒಳಗಿದ್ದೇನೋ ಹೊರಗಿದ್ದೇನೋ ತಿಳಿಯುತ್ತಿರಲಿಲ್ಲ. ನೀನು ಮಾತ್ರ ಕುರ್ಚಿಯಲ್ಲಿ ಕಣ್ಣುಮುಚ್ಚಿ, ಅಂಗೈಗಳನ್ನು ತೊಡೆಯ ಮೇಲೆ ತೆರೆದಿಟ್ಟು, ಯಾರೋ ಏನೋ ಕೊಡುತ್ತಾರೆ ಅನ್ನುವ ಹಾಗೆ ಕೂತಿರುತ್ತಿದ್ದೆ. ಟೇಪಿನ ಕಾಲದಿಂದ ಸಿ.ಡಿ.ಯ ಕಾಲಕ್ಕೆ, ಅಲ್ಲಿಂದ ಈ ಸರ್ವರುಗಳ ಕಾಲಕ್ಕೆ, ಮೂವತ್ತು ವರ್ಷ. ಯಂತ್ರ ಯಾವುದೇ ಇರಲಿ, ನಿನ್ನ ಪರೀಕ್ಷೆ ಒಂದೇ. ಮೊದಲು ಹಾಡು ಹಾಕುತ್ತಿರಲಿಲ್ಲ. ಯಾವುದೋ ಹಳೆಯ ಸಭಾಂಗಣದಲ್ಲಿ ಸಂಗೀತ ಕಚೇರಿಗೆ ಮುಂಚೆ, ಜನ ಬರುವ ಮುಂಚೆ, ನೀನೇ ಮೈಕ್ ಇಟ್ಟು ಹಿಡಿದ ಖಾಲಿತನ ಹಾಕುತ್ತಿದ್ದೆ. ಒಂಬತ್ತು ನಿಮಿಷ. ಅದಾದ ಮೇಲೆ ಹಾಡು. ಅದಾದ ಮೇಲೆ ಅಂಗೈಯಗಲದ ಒಂದು ಚೀಟಿಯಲ್ಲಿ ನೀಲಿ ಶಾಯಿಯಿಂದ "ಕೇಳಿದ್ದೇನೆ" ಅಂತ ಬರೆದು ಸಹಿ. ಕೊಂಡವರು ಆ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರಂತೆ.

ನೀನು ರಿಟೈರ್ ಆಗಿ ಅತ್ತೆಯ ಮನೆಗೆ ಹೋದ ಮೂರನೇ ವಾರಕ್ಕೆ ಯಜಮಾನರು ಆ ಚೀಟಿಯ ರಬ್ಬರ್ ಸ್ಟಾಂಪ್ ಮಾಡಿಸಿದರು. ನೀಲಿ ಶಾಯಿಯೇ, ನಿನ್ನ ಅಕ್ಷರವೇ, ಕೊನೆಯಲ್ಲಿ ನೀನು ಎಳೆಯುವ ಆ ಬಾಲವೂ ಇದೆ. "ಅವರು ಕಲಿಸಿಕೊಟ್ಟ ಹಾಗೇ ಮಾಡ್ತಿದ್ದೀವಿ, ಅವರೇ ಕೇಳಿದ ಲೆಕ್ಕ" ಅಂದರು. ಕೋಣೆಗೆ ಯಾರೂ ಹೋಗಲಿಲ್ಲ. ಪ್ಯಾಕಿಂಗ್ ಮೇಜಿನ ಮೇಲೆಯೇ ಸ್ಟಾಂಪ್ ಬಿತ್ತು. ಹಾಗೆ ಹೋದದ್ದು ನಲವತ್ತೆರಡು ಪೆಟ್ಟಿಗೆ.

ಹೋದ ವಾರ ಹಲ್ಲಿನ ಡಾಕ್ಟರೊಬ್ಬರು ಫೋನ್ ಮಾಡಿದರು. ಮೂರು ತಿಂಗಳ ಹಿಂದೆ ಸರ್ವರ್ ಕೊಂಡವರು. ಬಹಳ ಸಂಕೋಚದಿಂದ ಹೇಳಿದರು: "ನನಗೆ ಇಂಥದೇ ಅಂತ ಗೊತ್ತಾಗ್ತಿಲ್ಲಮ್ಮ. ಇಪ್ಪತ್ತು ವರ್ಷದಿಂದ ಕೇಳ್ತಿರೋ ಹಾಡು. ಹಾಡೋಕೆ ಮುಂಚೆ ಆಕೆ ಒಂದು ಉಸಿರು ಎಳ್ಕೋತಿದ್ರು. ಈಗ ಉಸಿರೇ ಇಲ್ಲದೆ ಹಾಡ್ತಿದಾರೆ." ನಾನು ರಿಸೀವರ್ ಮುಚ್ಚಿಕೊಂಡು ಎಲ್ಲರಿಗೂ ಹೇಳಿದೆ. ಎಲ್ಲರೂ ನಕ್ಕರು. "ದಿನಾ ಬಾಯಿ ನೋಡೋರು, ಉಸಿರಿನ ಮೇಲೇ ಗಮನ ಇರುತ್ತೆ ಬಿಡು" ಅಂತ ಬೆಸುಗೆ ಅಕ್ಕ. ನಾನೂ ನಕ್ಕೆ. ಆದರೆ ಬುಧವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಯಾಕೋ ಮನಸ್ಸು ತಡೆಯದೆ ಒಂದು ಹೊಸ ಪೆಟ್ಟಿಗೆಯನ್ನು ನಿನ್ನ ಕೋಣೆಗೆ ಒಯ್ದು ಜೋಡಿಸಿದೆ. ನಿನ್ನ ಖಾಲಿ ಸಭಾಂಗಣವನ್ನು ಅದಕ್ಕೆ ತುಂಬಿಸಿ, ಹೆಸರಿನ ಮೇಲೆ ಬೆರಳಿಟ್ಟೆ. ಪೆಟ್ಟಿಗೆ ಅದನ್ನು ಹಾಡಲೇ ಇಲ್ಲ. ಸೀದಾ ಮುಂದಿನ ಹಾಡಿಗೆ ಹಾರಿಹೋಯಿತು. ಮತ್ತೆ ಬೆರಳಿಟ್ಟೆ, ಮತ್ತೆ ಹಾರಿತು. ಬಾಗಿಲಲ್ಲಿ ನಿಂತ ಮನುಷ್ಯನನ್ನು ಕಂಡೂ ಕಾಣದಂತೆ ದಾಟಿ ಹೋಗುವವರ ಹಾಗೆ, ಒಂಬತ್ತು ನಿಮಿಷವನ್ನು ದಾಟಿ ಹೋಯಿತು.

ಆಮೇಲೆ ಮೂಲೆಯಲ್ಲಿದ್ದ ನಿನ್ನ ಹಳೆಯ ಸಿ.ಡಿ. ಯಂತ್ರದ ಧೂಳು ಒರೆಸಿ ಅದರಲ್ಲಿ ಹಾಕಿದೆ. ಬದುಕಿನಲ್ಲಿ ಮೊದಲ ಸಲ ಎಚ್ಚರವಾಗಿದ್ದು ಕೇಳಿದೆ ಅಪ್ಪಾ. ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಆ ಏನೂ ಇಲ್ಲದ್ದಕ್ಕೆ ಅಗಲ ಬಂತು, ಎತ್ತರ ಬಂತು. ನಿನ್ನ ಕೋಣೆಯ ಗೋಡೆಗಳು ಸದ್ದಿಲ್ಲದೆ ಹಿಂದೆ ಸರಿದು, ತಲೆಯ ಮೇಲೆ ಎಲ್ಲೋ ಒಂದು ಚಾವಣಿ ತೆರೆದುಕೊಂಡಿತು. ಎಡಕ್ಕೆ, ಬಹಳ ದೂರದಲ್ಲಿ, ಯಾರೋ ಬಕೆಟ್ ಎಳೆದರು. ಮೇಲೆ ಪಾರಿವಾಳ ಕಾಲು ಬದಲಾಯಿಸಿತು. ಮರದ ಕುರ್ಚಿಯೊಂದು ತನ್ನಷ್ಟಕ್ಕೆ ಲಟಕ್ ಅಂದಿತು. ಏಳನೇ ನಿಮಿಷದಲ್ಲಿ ಹಿಂದಿನ ಬಾಗಿಲಿನಿಂದ ಯಾರೋ ಚಪ್ಪಲಿ ಹಾಕಿಕೊಂಡು ನಡೆದು ಬಂದರು. ನಾಲ್ಕು ಹೆಜ್ಜೆ. ನಿಂತರು. ಮೈಕ್ ಕಂಡಿರಬೇಕು. ಆಮೇಲೆ ಚಪ್ಪಲಿ ಕಳಚಿದ ಸದ್ದು, ಅದರ ಹಿಂದೆಯೇ ಬರಿಗಾಲಿನಲ್ಲಿ ಮೆತ್ತಗೆ, ಮೆತ್ತಗೆ, ಸಭಾಂಗಣವನ್ನು ದಾಟಿ ಹೋದ ಹೆಜ್ಜೆಗಳು. ಆ ಮನುಷ್ಯ ಯಾರಪ್ಪಾ? ಕಸ ಗುಡಿಸುವವರೇ, ದೀಪದವರೇ? ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನಿಗೆ ಕೊಟ್ಟ ಮರ್ಯಾದೆ ಅದು. ನಾನು ನೂರು ಕಿರುಪುಸ್ತಕಗಳಲ್ಲಿ ಹುಡುಕಿದ್ದು ಅದನ್ನೇ. ನೀನು ಮೂವತ್ತು ವರ್ಷ ಪ್ರತಿ ಪೆಟ್ಟಿಗೆಯಲ್ಲೂ ಆ ಹೆಜ್ಜೆಗಳು ಇವೆಯೇ ಅಂತ ನೋಡಿ, ಇದ್ದರೆ ಮಾತ್ರ ಸಹಿ ಹಾಕಿದೆ.

ತಪ್ಪು ನಡೆದದ್ದು ಹೀಗೆ. ಹಾಡು ನುಡಿಸುವ ಸಾಫ್ಟ್‌ವೇರ್ ಬರೆಯುವ ಹುಡುಗ ನಿನಗೆ ಗೊತ್ತು, ನಾವೆಲ್ಲ ಚಶ್ಮಾ ಅಂತ ಕರೆಯುವವನು. ಬೆರಳಿಟ್ಟ ತಕ್ಷಣ ಹಾಡು ಶುರುವಾಗಬೇಕು, ಕೊಳ್ಳುವವರಿಗೆ ಕಾಯುವ ತಾಳ್ಮೆ ಇಲ್ಲ ಅಂತ ಯಜಮಾನರು ಅವನ ಬೆನ್ನುಹತ್ತಿದ್ದರು. ಅವನು ಹಾಡಿನ ತಲೆಯಲ್ಲಿ, ಬಾಲದಲ್ಲಿ ಬಹಳ ಮೆಲ್ಲಗಿರುವುದನ್ನೆಲ್ಲ ಬಿಟ್ಟು ಮುಂದೆ ಹೋಗು ಅಂತ ಪೆಟ್ಟಿಗೆಗೆ ಹೇಳಿಕೊಟ್ಟ. ಅವನು ಪರೀಕ್ಷೆಗೆ ಇಟ್ಟುಕೊಂಡ ಹಾಡುಗಳೆಲ್ಲ ಡೋಲಿನ ಪೆಟ್ಟಿನಿಂದಲೇ ಶುರುವಾಗುವಂಥವು, ಹಾಗಾಗಿ ಏನೂ ಗೊತ್ತಾಗಲಿಲ್ಲ. ನೀನು ಇದ್ದಿದ್ದರೆ ಮೊದಲ ಪೆಟ್ಟಿಗೆಯಲ್ಲೇ ಸಿಕ್ಕಿಬೀಳುತ್ತಿತ್ತು. ಮೂಲದಲ್ಲಿ ಇದ್ದದ್ದರಲ್ಲಿ ಒಂದು ಕಣವನ್ನೂ ಬಿಡದೆ ಕೇಳಿಸುತ್ತೇವೆ ಅಂತ ಅಚ್ಚು ಹಾಕಿಸಿ ಹಂಚುವವರು ನಾವು. ನಾವೇ ಉಸಿರು ಕತ್ತರಿಸಿದ್ದೇವೆ. ಹಾಡು ಮುಗಿದ ಮೇಲೆ ದನಿ ಗೋಡೆಗೆ ತಾಗಿ ಮೆಲ್ಲಗೆ ಕರಗುವುದಿದೆಯಲ್ಲ, ಅದರ ತುದಿಯನ್ನೂ ಕತ್ತರಿಸಿದ್ದೇವೆ.

ಚಶ್ಮಾನನ್ನು ಕರೆದು ತೋರಿಸಿದೆ. ಮೊದಲು ಅವನು ಜಗಳವಾಡಿದ. "ಹಾಡಿಗೆ ಮುಂಚೆ ಅಲ್ಲಿ ಏನಿದೆ? ಏನೂ ಇಲ್ಲ. ಏನೂ ಇಲ್ಲದ್ದನ್ನ ತೆಗೆದರೆ ಏನು ಹೋಯ್ತು?" ಅಂದ. ಅವನಿಗೆ ಬಾಯಿತುಂಬ ಬಯ್ಯಬೇಕು ಅಂತ ಹೊರಟಿದ್ದೆ. ಆದರೆ ಆ ಮಾತು ನನ್ನದು. ನೀನು ಅತ್ತೆಯ ಮನೆಗೆ ಹೊರಟ ಹಿಂದಿನ ದಿನ, ಅಮ್ಮನ ಮುಂದೆ, ನಾನು ನಿನಗೆ ಹೇಳಿದ ಮಾತು: "ಮೂವತ್ತು ವರ್ಷ ಶ್ರೀಮಂತರ ಕೋಣೆಯಲ್ಲಿ ಕೂತು ಏನೂ ಇಲ್ಲದ್ದನ್ನ ಕೇಳಿಕೊಂಡು ಬಂದೆ ನೀನು." ನೀನು ಬ್ಯಾಗಿನ ಜಿಪ್ ಎಳೆದೆ. "ಇನ್ನು ಆ ಕೋಣೆಗೆ ನಾನು ಹೋಗಲ್ಲಮ್ಮ" ಅಂತ ಮಾತ್ರ ಅಂದೆ. ರಿಟೈರ್ ಆದವನು ಸಹಜವಾಗಿ ಆಡಿದ ಮಾತು ಅಂದುಕೊಂಡಿದ್ದೆ. ಹಾಗಲ್ಲ ಅಂತ ಈಗ ಗೊತ್ತಾಗಿದೆ.

ಚಶ್ಮಾನನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿ ಒಂಬತ್ತು ನಿಮಿಷ ಕೇಳಿಸಿದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ. ಕೊನೆಗೆ "ಯಾರೋ ಚಪ್ಪಲಿ ಬಿಟ್ಟರಲ್ವಾ?" ಅಂದ. ಅಷ್ಟೇ. ಎರಡೇ ದಿನದಲ್ಲಿ ಎಲ್ಲ ತಿದ್ದಿದ. ಅವನು ಕೆಟ್ಟವನಲ್ಲ. ಸಂಘಕ್ಕೆ ನಾಲ್ಕನೆಯವನಾಗಿ ಸೇರಿಕೊಂಡ.

ಇನ್ನು ಯಜಮಾನರ ವಿಷಯ. ಸಾಫ್ಟ್‌ವೇರ್ ತಿದ್ದಿದ್ದಕ್ಕೆ ಅವರ ತಕರಾರಿಲ್ಲ. "ಮುಂದಿನ ಅಪ್‌ಡೇಟಿನಲ್ಲಿ ಸದ್ದಿಲ್ಲದೆ ಸೇರಿಸಿಬಿಡೋಣ, ಯಾರಿಗೂ ಗೊತ್ತಾಗಲ್ಲ" ಅಂದರು. ಆ ನಲವತ್ತೆರಡು ಮನೆಗಳಿಗೆ, ತಪ್ಪಾಗಿದೆ, ನಿಮ್ಮ ಗೋಡೆಯ ಮೇಲಿನ ಚೀಟಿ ಸುಳ್ಳು ಅಂತ ಹೇಳಬೇಕು ಅಂದೆ. ಅವರು "ನೀನು ನಿಮ್ಮಪ್ಪನ ಹಾಗೇ ಮೂಗು ಉಬ್ಬಿಸ್ತೀಯ" ಅಂದರು. ಆಮೇಲೆ ಅಂದದ್ದು ಇದು, ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: "ಸಹಿ ನಿಮ್ಮಪ್ಪನದು. ಅವನು ಬಂದು, ಆ ಕುರ್ಚಿಯಲ್ಲಿ ಕೂತು ಕೇಳಿ, ತಪ್ಪು ಅಂತ ನನ್ನ ಮುಖ ನೋಡಿ ಹೇಳಲಿ. ನಲವತ್ತೆರಡು ಮನೆಗೂ ನಾನೇ ಕೈಯಾರೆ ಕಾಗದ ಬರೀತೀನಿ. ಪ್ಯಾಕಿಂಗ್ ಹುಡುಗಿ ಮಾತಿಗೆ ಬರೆಯಲ್ಲ." ಶನಿವಾರದ ತನಕ ಕಾಯುತ್ತಾರಂತೆ. ಸೋಮವಾರ ಇನ್ನೂ ಮೂವತ್ತು ಪೆಟ್ಟಿಗೆ ಹೊರಡಬೇಕು, ಅವುಗಳ ಮೇಲೂ ಅದೇ ಸ್ಟಾಂಪ್. ನೀನು ಬಂದರೆ ಸ್ಟಾಂಪ್ ಒಲೆಗೆ ಹೋಗುತ್ತದೆ. ಬಾರದಿದ್ದರೆ ನಿನ್ನ ಹೆಸರು ನೀನಿಲ್ಲದೆಯೇ ಊರೂರು ತಿರುಗುತ್ತದೆ.

ಕೊಳ್ಳುವವರು ಉಳ್ಳವರು, ಅವರಿಗೆ ಒಂದು ಉಸಿರು ಕಡಿಮೆಯಾದರೆ ಲೋಕವೇನು ಮುಳುಗುತ್ತದೆ ಅಂತ ನನ್ನ ಗೆಳತಿಯೊಬ್ಬಳು ಕೇಳಿದಳು. ಹೋದ ವರ್ಷ ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅನ್ನಲಾರೆ. ನಮ್ಮ ಕೈಯಿಂದ ಹೊರಟ ಸುಳ್ಳು ಯಾರ ಮನೆಗೆ ಹೋದರೂ ನಮ್ಮದೇ ಸುಳ್ಳು. ಉಳ್ಳವರಿಗೆ ಸುಳ್ಳು ಮಾರಿ ಇಲ್ಲದವರಿಗೆ ನಿಜ ಹಂಚುತ್ತೇನೆ ಅಂತ ಯಾರಾದರೂ ಅಂದರೆ ಅವರ ಸಂಘಕ್ಕೆ ನಾನು ಸೇರುವುದಿಲ್ಲ. ಮತ್ತೆ ಕೇಳು, ನನಗೊಂದು ಕನಸಿದೆ, ನಗಬೇಡ. ಬೀದಿ ಕೊನೆಯ ವಾಚನಾಲಯದ ಹಿಂದಿನ ಕೋಣೆ ಖಾಲಿ ಬಿದ್ದಿದೆ. ಮೈಮೇಲೆ ಗೀರು ಬಿದ್ದು ಮಾರಲಾಗದ ಪೆಟ್ಟಿಗೆಯೊಂದು ನಮ್ಮ ಅಟ್ಟದಲ್ಲಿದೆ. ಅದನ್ನು ಅಲ್ಲಿಟ್ಟು, ಒಂದು ಜಮಖಾನೆ ಹಾಸಿ, ಬಾಗಿಲಿಗೆ ಬೀಗ ಹಾಕದೆ ಬಿಡಬೇಕು. ತರಕಾರಿ ಗಾಡಿಯವಳು ಬರಲಿ, ಬಸ್ಸಿನ ಕಂಡಕ್ಟರ್ ಬರಲಿ, ಒಂಬತ್ತು ನಿಮಿಷ ಕಣ್ಣುಮುಚ್ಚಿ ಕೂರಲಿ. ಒಂದು ಮಧ್ಯಾಹ್ನ ಆ ಬೀದಿಯೆಲ್ಲ ಒಮ್ಮೆಲೇ ಸುಮ್ಮನಾಗಿ, ಹೊಲಿಗೆ ಯಂತ್ರ ನಿಂತು, ಸ್ಕೂಟರುಗಳು ಉರುಳುತ್ತಾ ಉರುಳುತ್ತಾ ನಿಂತು, ಜನರೆಲ್ಲ ತಮ್ಮ ತಮ್ಮ ಉಸಿರು ಕೇಳಿಸಿಕೊಳ್ಳುತ್ತಾ ನಿಂತಿರುವುದು ನನಗೆ ಎಚ್ಚರದಲ್ಲೇ ಕಾಣುತ್ತದೆ. ಅದರ ನಡುವೆ ನೀನು ಅಂಗೈ ತೆರೆದು ಕೂತಿರುತ್ತೀಯ.

ಊಟದ ಬಿಡುವು ಮುಗಿಯಿತು, ಬೆಸುಗೆ ಅಕ್ಕ ಕೆಮ್ಮಿ ಸೂಚನೆ ಕೊಡುತ್ತಿದ್ದಾಳೆ. ಅತ್ತೆಯ ಪಾದಕ್ಕೆ ನನ್ನ ನಮಸ್ಕಾರ ಹೇಳು, ರೇಡಿಯೋಗೂ ಹೇಳು. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನ ಕಡೆಯಿಂದ ಏನಾದರೂ ಬರೆಯಲೇ ಅಂತ ಅಮ್ಮನನ್ನು ಕೇಳಿದರೆ "ನಾನೇನು ಬರೀಲಿ, ಬಂದರೆ ಕುರ್ಚಿ ಖಾಲಿ ಮಾಡ್ತೀನಿ ಅಂತ ಹೇಳು" ಅಂದಳು.

ನಿನ್ನ ಕೋಪವನ್ನೂ ಪ್ರೀತಿಯನ್ನೂ ಸಮನಾಗಿ ಬೇಡುವ
ನೀನು ಗುಡುಗು ಅಂತ ಕರೆಯುವ ಮಗಳು

ಮರೆತಿದ್ದೆ ಅಂತ ಬರೆಯಬೇಕು ಅಂದುಕೊಂಡೆ. ಮರೆತಿರಲಿಲ್ಲ, ಹೆದರಿದ್ದೆ. ಸ್ಟಾಂಪ್ ಬಿತ್ತು ಅಂತ ಮೇಲೆ ಬರೆದಿದ್ದೇನೆ, ಯಾರ ಕೈಯಿಂದ ಬಿತ್ತು ಅಂತ ಬರೆಯಲಿಲ್ಲ. ನನ್ನ ಕೈಯಿಂದ. ನಲವತ್ತೆರಡೂ. ಯಜಮಾನರು ಒತ್ತು ಅಂದರು, ಕೆಲಸಕ್ಕೆ ಸೇರಿ ಎರಡೇ ದಿನವಾಗಿತ್ತು, ಒತ್ತಿದೆ. ಮೊದಲನೆಯದರ ಶಾಯಿ ಆರುವ ತನಕ ನಿನ್ನ ಸಹಿಯನ್ನೇ ನೋಡಿದೆ. ಹತ್ತನೆಯದರ ಹೊತ್ತಿಗೆ ಬೆಸುಗೆ ಅಕ್ಕನ ಜತೆ ಹರಟುತ್ತಾ ಒತ್ತುತ್ತಿದ್ದೆ. ಏನೂ ಇಲ್ಲದ್ದಕ್ಕೆ ಹಾಕುವ ಸಹಿ, ಯಾರು ಹಾಕಿದರೇನು ಅಂದುಕೊಂಡಿದ್ದೆ. ಕ್ಷಮಿಸು ಅಂತ ಕಾಗದದಲ್ಲಿ ಕೇಳುವುದಿಲ್ಲ, ಎದುರಿಗೆ ಕೇಳುತ್ತೇನೆ. ಆ ನಲವತ್ತೆರಡು ಕಾಗದಗಳಲ್ಲಿ ಒತ್ತಿದವಳು ಇವಳೇ ಅಂತ ನನ್ನ ಹೆಸರೂ ಇರಬೇಕು ಅಂತ ಯಜಮಾನರಿಗೆ ನಿನ್ನ ಮುಂದೆಯೇ ಹೇಳುತ್ತೇನೆ. ಅಲ್ಲಿಂದ ಮೊದಲ ಬಸ್ಸು ಆರೂವರೆಗೆ, ಮುಂದಿನ ಸೀಟು ಕೇಳು, ಮಂಡಿ ಚಾಚಬಹುದು. ಶನಿವಾರ, ಇಪ್ಪತ್ತೊಂದನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ ವರ್ಕ್‌ಶಾಪಿನ ಕೆಳಗಿನ ಬಾಗಿಲಲ್ಲಿ ನಿಂತಿರುತ್ತೇನೆ.